ಬಸೂನಿನ ಬರ ನೀಗಿಸಿದ ಪರೀಕ್ಷೆ

ರಾಬರ್ಟ್ ಶೂಮನ್ 1849ರ ಒಂದೇ ವರ್ಷದಲ್ಲಿ ಪಿಯಾನೊ ಜೊತೆ ನುಡಿಸಲೆಂದು ಕ್ಲಾರಿನೆಟ್, ಹಾರ್ನ್, ಚೆಲ್ಲೊ, ಓಬೊ ನಾಲ್ಕಕ್ಕೂ ಕೃತಿಗಳನ್ನು ಬರೆದ. ಬಸೂನಿಗೆ ಬರೆಯಲಿಲ್ಲ. ಬೀಥೋವನ್ ಚೆಲ್ಲೊ ಮತ್ತು ಪಿಯಾನೊಗೆ ಐದು ಸೊನಾಟಾ ಕೊಟ್ಟ. ಬ್ರಾಮ್ಸ್ 1894ರಲ್ಲಿ ಕ್ಲಾರಿನೆಟ್ ಮತ್ತು ಪಿಯಾನೊಗೆ ಎರಡು ಕೊಟ್ಟ. ಬಸೂನಿಗೆ ಇಬ್ಬರಿಂದಲೂ ಒಂದೂ ಸೊನಾಟಾ ಸಿಗಲಿಲ್ಲ. ಯುರೋಪಿನ ಅನುಕೂಲಸ್ಥರ ಮನೆಗಳಿಗೆಲ್ಲ ಪಿಯಾನೊ ಬಂದ ಶತಮಾನ ಅದು. ಸ್ವರಲಿಪಿಯ ಪುಸ್ತಕಗಳಿಗೆ ಅಂಥ ಮಾರುಕಟ್ಟೆ ಹಿಂದೆಂದೂ ಇರಲಿಲ್ಲ. ಆ ಸುಗ್ಗಿಯಲ್ಲೂ ಬಸೂನಿನ ಕಣ ಹೆಚ್ಚುಕಡಿಮೆ ಬರಿದಾಗಿಯೇ ಉಳಿಯಿತು. ಇಂದಾದರೋ ಬಸೂನ್ ವಾದಕರ ಕಪಾಟಿನಲ್ಲಿ ಪಿಯಾನೊ ಜೊತೆಗಿನ ಕೃತಿಗಳ ದೊಡ್ಡ ಕಟ್ಟೇ ಇದೆ. ಅದು ಬಂದದ್ದು ದೊಡ್ಡ ರಚನಕಾರರಿಗೆ ತಡವಾಗಿ ಮೂಡಿದ ಒಲವಿನಿಂದಲ್ಲ ಎಂಬುದು ನನ್ನ ವಾದ. ಅದರ ಬಹುಪಾಲನ್ನು ತಂದುಕೊಟ್ಟದ್ದು ಪ್ಯಾರಿಸ್ಸಿನ ಒಂದು ಸಂಗೀತಶಾಲೆಯ ವಾರ್ಷಿಕ ಪರೀಕ್ಷೆ.

ಬಸೂನ್ ನಮ್ಮ ಓಲಗದ ನಾಗಸ್ವರಕ್ಕೆ ದೂರದ ನೆಂಟ. ಅದರ ಸೀವಾಳಿಯ ಹಾಗೆ ಇಲ್ಲಿಯೂ ಎರಡು ಪದರ ಒಂದಕ್ಕೊಂದು ತಾಗಿ ಕಂಪಿಸಿ ನಾದ ಹುಟ್ಟಿಸುತ್ತವೆ. ಸುಮಾರು ಎರಡೂವರೆ ಮೀಟರ್ ಉದ್ದದ ಕೊಳವೆಯನ್ನು ಮಡಚಿ ಮಾಡಿರುವುದರಿಂದ ದನಿ ಮಂದ್ರಕ್ಕೆ ಇಳಿಯುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಈ ವಾದ್ಯಕ್ಕೆ ಕೃತಿಗಳ ಬರ ಇರಲಿಲ್ಲ. ಟೆಲೆಮನ್ 1728ರಲ್ಲಿ ತಾನೇ ಹೊರಡಿಸಿದ ಸಂಗೀತ ಪತ್ರಿಕೆಯಲ್ಲಿ ಬಸೂನಿಗೊಂದು ಸೊನಾಟಾ ಪ್ರಕಟಿಸಿದ. ಪ್ಯಾರಿಸ್ಸಿನಲ್ಲಿ ಬ್ವಾಮೋರ್ಟಿಯೇ ಒಂದೇ ಸಂಪುಟವನ್ನು ಚೆಲ್ಲೊ, ವಿಯೋಲ್, ಬಸೂನ್ ಯಾವುದರಲ್ಲಾದರೂ ನುಡಿಸಬಹುದೆಂದು ಮುಖಪುಟದಲ್ಲೇ ಹಾಕಿ ಮಾರಿದ. ಒಂದು ಪುಸ್ತಕಕ್ಕೆ ಮೂರು ಬಗೆಯ ಗಿರಾಕಿ. ಬರೆದದ್ದನ್ನು ಅಚ್ಚುಹಾಕಿ ಮಾರಿ ಬದುಕಿದವನ ಲೆಕ್ಕಾಚಾರ ಅದು. ಆಗ ಜೊತೆಗೆ ನುಡಿಯುತ್ತಿದ್ದುದು ಸಣ್ಣ ದನಿಯ ಹಾರ್ಪ್ಸಿಕಾರ್ಡ್. ಮುಂದಿನ ಶತಮಾನದಲ್ಲಿ ಕಬ್ಬಿಣದ ಚೌಕಟ್ಟು ಪಡೆದು ಪಿಯಾನೊ ಬಲಿಯಿತು. ಅದರ ಎಡಗೈ ಓಡಾಡುವ ಜಾಗವೇ ಬಸೂನಿನ ಮನೆಯೂ ಆದ್ದರಿಂದ ಪಿಯಾನೊದ ದನಿಯಲ್ಲಿ ಬಸೂನಿನ ದನಿ ಹೂತುಹೋಗುವ ಭಯ ಹುಟ್ಟಿತು.

ಹಾಗಾದರೆ ವಾದ್ಯದ ಸ್ವಭಾವವೇ ಬರಕ್ಕೆ ಕಾರಣ ಎನ್ನಬಹುದಲ್ಲ? ಬಸೂನ್ ವಾದ್ಯವೃಂದದ ಹಾಸ್ಯಗಾರ, ಏಕವ್ಯಕ್ತಿ ಗಾಯನಕ್ಕೆ ಅದರ ಕಂಠ ಸಾಲದು ಎಂಬ ಮಾತು ಹಳೆಯದು. ಪುರಾವೆ ಇದನ್ನು ಒಪ್ಪುವುದಿಲ್ಲ. ಹದಿನೆಂಟರ ಮೊಜಾರ್ಟ್ 1774ರಲ್ಲಿ ಬರೆದ ಕನ್ಸರ್ಟೊದ ನಿಧಾನಗತಿಯ ಭಾಗದಲ್ಲಿ ಬಸೂನ್ ಹಾಡುವುದು ಒಪೆರಾ ಗಾಯಕಿಯಂತೆ. ಚೈಕೋವ್‌ಸ್ಕಿ 1893ರಲ್ಲಿ ತನ್ನ ಆರನೆಯ ಸಿಂಫನಿಯನ್ನು ಆರಂಭಿಸಿದ್ದು ಇದರ ಮಂದ್ರದ ನರಳಾಟದಿಂದ. ಚೆಲ್ಲೊಗೂ ಮಂದ್ರವೇ ಮನೆ. ಅದಕ್ಕೆ ಬರೆಯುವಾಗ ರಚನಕಾರರು ಪಿಯಾನೊವನ್ನು ಹದಕ್ಕೆ ತಂದುಕೊಂಡೇ ಬರೆದರು. ಬಸೂನಿಗೆ ಇಲ್ಲದೆ ಹೋದದ್ದು ಎದುರಿಗೆ ನಿಂತು ಕೇಳುವ ವಾದಕ. ವೇಬರ್ 1811ರಲ್ಲಿ ಕನ್ಸರ್ಟೊ ಬರೆದದ್ದು ಮ್ಯೂನಿಕ್ ಆಸ್ಥಾನದ ವಾದಕ ಬ್ರಾಂಟ್‌ಗಾಗಿ. ಬರೆಯುವುದು ಸಾಕು ಎಂದುಕೊಂಡಿದ್ದ ಬ್ರಾಮ್ಸ್‌ನನ್ನು ಮತ್ತೆ ಎಬ್ಬಿಸಿದ್ದು ಮ್ಯೂಲ್‌ಫೆಲ್ಡ್ ಎಂಬ ಕ್ಲಾರಿನೆಟ್ ವಾದಕ. ಬಸೂನಿಗೊಬ್ಬ ಮ್ಯೂಲ್‌ಫೆಲ್ಡ್ ಸಿಕ್ಕಿದ್ದರೆ ಚರಿತ್ರೆ ಬೇರೆಯಾಗುತ್ತಿತ್ತು. ಆದರೆ ಅಂಥ ಭೇಟಿ ಅದೃಷ್ಟದ ಮಾತು. ಒಂದು ವಾದ್ಯದ ಸಾಹಿತ್ಯ ಅದೃಷ್ಟವನ್ನೇ ನಂಬಿ ಬೆಳೆಯಲಾರದು.

1795ರಲ್ಲಿ, ಕ್ರಾಂತಿಯ ಬಿಸಿ ಆರುವ ಮೊದಲೇ, ಸ್ಥಾಪನೆಯಾದ ಪ್ಯಾರಿಸ್ ಕನ್ಸರ್ವೇಟರಿ ಅದೃಷ್ಟದ ಜಾಗದಲ್ಲಿ ಒಂದು ಏರ್ಪಾಟನ್ನು ತಂದು ನಿಲ್ಲಿಸಿತು. ಅಲ್ಲಿನ ಮೊದಲ ಬಸೂನ್ ಅಧ್ಯಾಪಕರಲ್ಲಿ ಒಬ್ಬನಾದ ಎತಿಯೆನ್ ಓಜಿಯ ಪಾಠಪುಸ್ತಕ 1803ರಲ್ಲಿ ಬಂತು. ಪ್ರತಿವರ್ಷವೂ ವಿದ್ಯಾರ್ಥಿಗಳು ತೀರ್ಪುಗಾರರ ಮುಂದೆ ನುಡಿಸಿ ಬಹುಮಾನ ಗೆಲ್ಲಬೇಕಿತ್ತು. ಅದಕ್ಕೊಂದು ಕೃತಿ ಬೇಕಿತ್ತು. ಬಹುಕಾಲ ಅದನ್ನು ಅಧ್ಯಾಪಕರೇ ಬರೆದುಕೊಂಡರು. ವಾದ್ಯದ ಕೀಲಿಗಳನ್ನು ತಿದ್ದಿ ಫ್ರೆಂಚ್ ಬಸೂನಿಗೆ ರೂಪ ಕೊಟ್ಟ ಜಾಂಕೂರ್ ಅಂಥವರಲ್ಲಿ ಮುಖ್ಯ. ಜರ್ಮನಿಯಲ್ಲೂ ಅಧ್ಯಾಪಕರೇ ಗತಿ: ಲೈಪ್‌ಜಿಗ್‌ನ ವೈಸೆನ್‌ಬೋರ್ನ್ ಪಾಠಪುಸ್ತಕವನ್ನೂ ಬರೆದ, ಪಿಯಾನೊ ಜೊತೆ ನುಡಿಸುವ ಚಿಕ್ಕ ಕೃತಿಗಳನ್ನೂ ಬರೆದ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ಯಾರಿಸ್ ಒಂದು ಹೆಜ್ಜೆ ಮುಂದೆ ಹೋಗಿ ಪರೀಕ್ಷೆಯ ಕೃತಿಗಳಿಗೆ ಹೊರಗಿನ ರಚನಕಾರರನ್ನು ಕೇಳತೊಡಗಿತು. 1898ರಲ್ಲಿ ಕೊಳಲಿಗೆ ಫೋರೆ ಬರೆದ, ಬಸೂನಿಗೆ ಪಿಯೆರ್ನೆ ಬರೆದ. ಮುಂದೆ ಗ್ರೋವ್ಲೆ, ಬೋಜಾ, ಬಿಚ್ ಹೀಗೆ ಸಾಲು ಬೆಳೆಯಿತು. ವಾದ್ಯವೃಂದವನ್ನು ಪರೀಕ್ಷೆಯ ಕೋಣೆಗೆ ಕರೆತರಲಾಗದು. ಪಿಯಾನೊ ಅಲ್ಲಿ ಇದ್ದೇ ಇರುತ್ತದೆ. ಅಚ್ಚಿನ ವಿಷಯವೂ ಇಲ್ಲಿ ಮುಖ್ಯ. ಪರೀಕ್ಷೆಗೆ ಗೊತ್ತುಪಡಿಸಿದ ಕೃತಿಯನ್ನು ಮುಂದಿನ ತಂಡದ ಹುಡುಗರೂ ಊರೂರಿನ ಶಾಲೆಗಳೂ ಕೊಳ್ಳುತ್ತಾರೆ ಎಂಬುದು ಲೆಡುಕ್‌ನಂಥ ಪ್ರಕಾಶಕರಿಗೆ ಚೆನ್ನಾಗಿ ಗೊತ್ತಿತ್ತು. ದಪ್ಪ ಪಿಯಾನೊ ಪುಸ್ತಕ, ಅದರೊಳಗೆ ಸಿಕ್ಕಿಸಿದ ಬಸೂನಿನ ಬಿಡಿ ಹಾಳೆಗಳು: ಈ ರೂಪದಲ್ಲೇ ಕೃತಿಗಳು ಪ್ಯಾರಿಸ್ ದಾಟಿ ಲೋಕ ತಿರುಗಿದವು.

ಪರೀಕ್ಷೆಗೆಂದು ಬರೆದದ್ದು ಕಸರತ್ತೇ ಹೊರತು ಕಲೆಯಲ್ಲ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಮೊದಲು ನಿಧಾನದ ಹಾಡಿಕೆ, ಆಮೇಲೆ ಬೆರಳಿನ ಓಟ, ನಡುವೆ ಏಕಾಂಗಿಯಾಗಿ ನುಡಿಸುವ ಒಂದು ಖಂಡ ಎಂಬ ಅಚ್ಚು ಹಲವು ಕೃತಿಗಳಲ್ಲಿ ಎದ್ದು ಕಾಣುತ್ತದೆ. ಅವುಗಳಲ್ಲಿ ಎಷ್ಟೋ ಮರೆತುಹೋದದ್ದು ನ್ಯಾಯವೇ. ಆಕ್ಷೇಪಕ್ಕೆ ಬಲವಾದ ಸಾಕ್ಷಿ ಒಬ್ಬ ರಚನಕಾರನೇ. ಆನ್ರಿ ದ್ಯುತಿಯೂ 1942ರಲ್ಲಿ, ಪ್ಯಾರಿಸ್ ಜರ್ಮನರ ಕೈಯಲ್ಲಿದ್ದಾಗ, ಬಸೂನ್ ಪರೀಕ್ಷೆಗೆ ‘ಸಾರಾಬಾಂದ್ ಎ ಕೋರ್ತೆಜ್’ ಬರೆದ. ಮುಂದೆ ಹೆಸರಾಂತನಾದ ಮೇಲೆ ತನ್ನ ನಿಜವಾದ ಕೃತಿಗಳು 1948ರ ಪಿಯಾನೊ ಸೊನಾಟಾದಿಂದ ಶುರು ಎಂದು ಹಿಂದಿನವನ್ನು ದೂರವಿಟ್ಟ. ವಾದಕರು ಅವನ ಮಾತು ಕೇಳಲಿಲ್ಲ. ಆ ಕೃತಿ ಇಂದಿಗೂ ಸಭೆಗಳಲ್ಲಿ ನಡೆಯುತ್ತಿದೆ. ಆಳದಿಂದ ಮೆಲ್ಲಗೆ ಎದ್ದು ಬರುವ ಆ ಸಾರಾಬಾಂದನ್ನು ಕೇಳಿದವರಿಗೆ ಈ ವಿಷಯದಲ್ಲಿ ವಾದಕರೇ ಸರಿ ಎನಿಸದಿರದು. ಕೃತಿ ಏಕೆ ಹುಟ್ಟಿತು ಎಂಬುದರಿಂದ ಅದರ ಬೆಲೆ ಕಟ್ಟಲಾಗದು. ಹೊಟ್ಟೆಪಾಡಿಗೆ, ಹಬ್ಬಕ್ಕೆ, ದೊರೆಯ ಅಪ್ಪಣೆಗೆ ಬರೆದ ಸಂಗೀತ ಬಾಳಿರುವಾಗ ಪರೀಕ್ಷೆಗೆ ಬರೆದದ್ದನ್ನು ಮಾತ್ರ ಕೀಳುಗಳೆಯುವುದು ಸಲ್ಲ.

ಈ ಸಾಹಿತ್ಯದ ಎರಡು ಕಂಬಗಳು ಪರೀಕ್ಷೆಗೆ ಬರೆದವಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ನಿಜ. ಹಿಂಡೆಮಿತ್ ಒಂದೊಂದೇ ವಾದ್ಯವನ್ನು ಕೈಗೆತ್ತಿಕೊಂಡು ಎಲ್ಲಕ್ಕೂ ಸೊನಾಟಾ ಬರೆಯುವ ಹಠ ತೊಟ್ಟಿದ್ದ. 1938ರಲ್ಲಿ, ಅವನು ನಾಜಿ ಜರ್ಮನಿಯನ್ನು ಬಿಟ್ಟ ವರ್ಷ, ಬಸೂನಿನ ಸರದಿ ಬಂತು. ನನ್ನ ವಾದಕ್ಕೆ ಅದು ಹೊರತು ಎಂದು ಒಪ್ಪುತ್ತೇನೆ. ಸ್ಯಾಂ-ಸಾನ್ಸ್‌ನ ಮಾತು ಬೇರೆ. 1921ರಲ್ಲಿ, ಎಂಬತ್ತೈದರ ವಯಸ್ಸಿನಲ್ಲಿ, ಯಾರೂ ಅಷ್ಟಾಗಿ ಗಮನಿಸದ ವಾದ್ಯಗಳಿಗೆ ತನ್ನ ಕೊನೆಯ ಶಕ್ತಿ ಮೀಸಲೆಂದು ಆತ ಓಬೊ, ಕ್ಲಾರಿನೆಟ್, ಬಸೂನ್ ಮೂರಕ್ಕೂ ಒಂದೊಂದು ಸೊನಾಟಾ ಬರೆದು, ಆ ಡಿಸೆಂಬರಿನಲ್ಲೇ ಆಲ್ಜಿಯರ್ಸ್‌ನಲ್ಲಿ ತೀರಿಕೊಂಡ. ಬಸೂನಿನ ಸೊನಾಟಾದ ಆರಂಭದಲ್ಲಿ ಪಿಯಾನೊ ನೀರಿನ ಅಲೆಗಳಂತೆ ತೆಳ್ಳಗೆ ಹರಿಯುತ್ತದೆ, ಬಸೂನ್ ಅದರ ಮೇಲೆ ತೇಲುತ್ತದೆ. ನೂರು ವರ್ಷ ರಚನಕಾರರನ್ನು ಹೆದರಿಸಿದ್ದ ತೊಡಕನ್ನು ಅವನು ಕೆಲವೇ ಪುಟಗಳಲ್ಲಿ ಬಿಡಿಸಿಬಿಟ್ಟ. ಎರಡನೆಯ ಭಾಗದಲ್ಲಿ ವಾದ್ಯವನ್ನು ಅದರ ತಾರದ ತುದಿಯವರೆಗೂ ಏರಿಸಿದ. ಅಷ್ಟು ಧೈರ್ಯ ಬಂದದ್ದು ಅಷ್ಟೆತ್ತರಕ್ಕೆ ಸಲೀಸಾಗಿ ಏರಬಲ್ಲ ವಾದಕರು ಪ್ಯಾರಿಸ್ಸಿನಲ್ಲಿ ಇದ್ದುದರಿಂದ. ಕೃತಿಯನ್ನು ಅರ್ಪಿಸಿದ್ದು ಲೆಯೋನ್ ಲೆತೆಲಿಯೇಗೆ. ಸ್ವಲ್ಪ ಕಾಲದಲ್ಲೇ ಆತ ಕನ್ಸರ್ವೇಟರಿಯ ಬಸೂನ್ ಅಧ್ಯಾಪಕನಾದ. ಇಲ್ಲಿ ಪರೀಕ್ಷೆ ಕೃತಿಯನ್ನು ಬೇಡಲಿಲ್ಲ, ಆದರೆ ಅದನ್ನು ನುಡಿಸಬಲ್ಲವರನ್ನು ಮೊದಲೇ ಬೆಳೆಸಿಟ್ಟಿತ್ತು.

ಆ ಪರೀಕ್ಷೆಗಳಲ್ಲಿ ನುಡಿಸುತ್ತಿದ್ದ ಫ್ರೆಂಚ್ ಬಸೂನ್ ಈಗ ಅಪರೂಪ. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಫ್ರಾನ್ಸಿನಲ್ಲಿಯೂ ಹೆಕೆಲ್ ಮಾದರಿಯ ಜರ್ಮನ್ ವಾದ್ಯವೇ ಹೆಚ್ಚಿನವರ ಕೈಗೆ ಬಂತು. ಪಿಯೆರ್ನೆ, ಸ್ಯಾಂ-ಸಾನ್ಸ್, ದ್ಯುತಿಯೂ ಬರೆದದ್ದನ್ನು ಇಂದು ಲೋಕದ ಹೆಚ್ಚಿನ ವಾದಕರು ನುಡಿಸುವುದು ಆ ಜರ್ಮನ್ ವಾದ್ಯದಲ್ಲಿಯೇ.