ಉಂಗ್ರದ ಒಲೆ, ಬೆಂಗಳೂರಿನ ಗೋಡೆ

ಪರಿಸರದ ಮತ್ತು ನಗರಗಳ ತೊಂದರೆಗಳಿಗೆ ಕಾಲೇಜು ಬಿಟ್ಟು ಹೆಚ್ಚು ದಿನವಾಗದ ಎಂಜಿನಿಯರುಗಳಿಂದ ಪರಿಹಾರವನ್ನು ಎದುರುನೋಡುವ ಪರಿಪಾಠ ಕರ್ನಾಟಕದಲ್ಲಿ ಹೊಸದೇನಲ್ಲ. ಅದು ವ್ಯವಸ್ಥಿತ ರೂಪ ಪಡೆದ ಗಳಿಗೆಯನ್ನು ಗುರುತಿಸುವುದಾದರೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಘಟಕ ಆರಂಭವಾದುದನ್ನು ಹೆಸರಿಸಬೇಕು. ವಿಜ್ಞಾನ ಮತ್ತು ತಂತ್ರಜ್ಞಾನಗಳನ್ನು ಗ್ರಾಮೀಣ ಪ್ರದೇಶಗಳಿಗೆ ಅನ್ವಯಿಸುವುದು ಎಂಬ ಅರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಕೂಡಿದ ಈ ಹೆಸರು ಮುಂದೆ ಹಳ್ಳಿಯ ಹೆಂಗಸರ ಬಾಯಲ್ಲಿ ಒಂದು ಒಲೆಯ ಹೆಸರಾಗಿ ಉಳಿಯಿತು. ಘಟಕದ ಸ್ಥಾಪಕರಾದ ಅಮೂಲ್ಯ ಕೆ.ಎನ್. ರೆಡ್ಡಿ ವಿದ್ಯುತ್-ರಸಾಯನಶಾಸ್ತ್ರದಲ್ಲಿ ಅದಾಗಲೇ ಹೆಸರು ಮಾಡಿದ್ದರು. ಆ ವಿಷಯದ ಪ್ರಸಿದ್ಧ ಪಠ್ಯವೊಂದರ ಸಹಲೇಖಕರಾಗಿದ್ದ ಅವರು ಪ್ರಯೋಗಾಲಯದಿಂದ ಅಡುಗೆಮನೆಯ ಕಡೆಗೆ ತಿರುಗಿದಾಗ, ಸತೀಶ್ ಧವನ್ ನಿರ್ದೇಶಕರಾಗಿದ್ದ ಸಂಸ್ಥೆಯು ಅದಕ್ಕೆ ಅವಕಾಶ ಕೊಟ್ಟಿತು. ದಿಕ್ಕು ತೋರಿಸಿದವರು ಹಿರಿಯರಾದರೂ ಅಳೆದು, ಕಟ್ಟಿ, ಕೆಡವಿ ಮತ್ತೆ ಕಟ್ಟಿದ ಕೆಲಸದಲ್ಲಿ ಕಿರಿಯ ಸಂಶೋಧಕರ ಪಾಲು ದೊಡ್ಡದು.

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಘಟಕವು ತನ್ನ ವಿಸ್ತರಣಾ ಕೇಂದ್ರವನ್ನು, ಅಂದರೆ ಪ್ರಯೋಗಗಳನ್ನು ಹಳ್ಳಿಯಲ್ಲೇ ನಡೆಸುವ ಠಾಣೆಯನ್ನು, ತೆರೆಯಿತು. ಯಂತ್ರಗಳನ್ನು ರೂಪಿಸುವುದಕ್ಕೆ ಮೊದಲು ಸುತ್ತಲಿನ ಊರುಗಳಲ್ಲಿ ಇಂಧನದ ಲೆಕ್ಕ ತೆಗೆಯಲಾಯಿತು. ಊರಿನ ಒಟ್ಟು ಶಕ್ತಿಬಳಕೆಯಲ್ಲಿ ಮುಕ್ಕಾಲಿಗೂ ಹೆಚ್ಚಿನ ಪಾಲು ಸೌದೆಯದೇ ಎಂಬುದೂ, ಮನುಷ್ಯರ ದುಡಿಮೆಯಲ್ಲಿ ಹೆಂಗಸರ ಪಾಲು ಗಂಡಸರದಕ್ಕಿಂತ ಹೆಚ್ಚು ಎಂಬುದೂ ಆ ಲೆಕ್ಕದಿಂದ ಹೊರಬಂದವು. ದೇಶದ ಇಂಧನ ನೀತಿಯೆಂದರೆ ಕಲ್ಲಿದ್ದಲು, ತೈಲ ಮತ್ತು ವಿದ್ಯುತ್ತಿನ ಮಾತಷ್ಟೇ ಎಂದಿದ್ದ ಕಾಲದಲ್ಲಿ ಇದು ಸಣ್ಣ ಮಾತಾಗಿರಲಿಲ್ಲ. ನಗರವೂ ಇದರಿಂದ ಹೊರಗಿರಲಿಲ್ಲ, ಏಕೆಂದರೆ ಆಗಿನ ಬೆಂಗಳೂರಿನ ಸೌದೆ ಡಿಪೋಗಳಿಗೆ ಲಾರಿಗಟ್ಟಲೆ ಕಟ್ಟಿಗೆ ಬರುತ್ತಿದ್ದುದು ಹೊರಗಿನ ಜಿಲ್ಲೆಗಳಿಂದಲೇ.

1980ರ ದಶಕದ ಆರಂಭದಲ್ಲಿ ರೂಪುಗೊಂಡ ಅಸ್ತ್ರ ಒಲೆ ಈ ಲೆಕ್ಕದ ನೇರ ಫಲ. ಸಾಂಪ್ರದಾಯಿಕ ಒಲೆಯಲ್ಲಿ ಉರಿಯ ಶಾಖದ ಹತ್ತನೆಯ ಒಂದು ಪಾಲಿನಷ್ಟು ಮಾತ್ರ ಪಾತ್ರೆಗೆ ತಾಗಿ, ಮಿಕ್ಕದ್ದು ಗಾಳಿಗೂ ಗೋಡೆಗೂ ಹೋಗುತ್ತಿತ್ತು. ಹೊಸ ಒಲೆಯಲ್ಲಿ ಸೌದೆಯನ್ನು ಮುಚ್ಚಿದ ಗೂಡಿನೊಳಗೆ ಕಬ್ಬಿಣದ ಜಾಲರಿಯ ಮೇಲೆ ಇಟ್ಟು, ಜಾಲರಿಯ ಕೆಳಗಿನಿಂದ ಗಾಳಿ ಬೇಕಾದಷ್ಟೇ ಒಳಗೆ ಬರುವಂತೆ ಮಾಡಲಾಯಿತು. ಮೂರು ಪಾತ್ರೆಗಳೂ ತಮ್ಮ ತಮ್ಮ ಕುಳಿಯೊಳಗೆ ಇಳಿದು ಕೂರುತ್ತಿದ್ದುದರಿಂದ ಬಿಸಿಗಾಳಿಯು ಒಂದರ ತಳದಿಂದ ಇನ್ನೊಂದರ ತಳಕ್ಕೆ ಹಾಯ್ದು, ಪಾತ್ರೆಗಳಿಗೆ ಶಾಖವನ್ನು ಬಿಟ್ಟುಕೊಟ್ಟ ಬಳಿಕವೇ ಹೊಗೆಕೊಳವೆಯನ್ನು ಏರುತ್ತಿತ್ತು. ಪ್ರಯೋಗಾಲಯದ ಅಳತೆಯಲ್ಲಿ ಶಾಖದ ಮೂರನೆಯ ಒಂದು ಪಾಲಿಗೂ ಮೀರಿ ಪಾತ್ರೆಗೆ ತಲುಪಿತು; ಅಡುಗೆಮನೆಯಿಂದ ಹೊಗೆಯೂ ಹೊರಬಿತ್ತು. ಒಲೆಯ ಮುಖ್ಯ ಸಾಮಗ್ರಿ ಮಣ್ಣು ಮತ್ತು ಇಟ್ಟಿಗೆಯೇ ಆಗಿದ್ದುದರಿಂದ ತರಬೇತಿ ಪಡೆದ ಗಾರೆಯವನೊಬ್ಬನು ಅದನ್ನು ಮನೆಯಲ್ಲೇ ಕಟ್ಟಬಹುದಾಗಿತ್ತು.

ಆದರೆ ಈ ಒಲೆಯ ಜೀವ ಅದರ ಅಳತೆಗಳಲ್ಲಿತ್ತು. ಪಾತ್ರೆಯ ತಳಕ್ಕೂ ಕೆಳಗಿನ ಹಾದಿಗೂ ನಡುವಿನ ಅಂತರ ಬೆರಳಷ್ಟು ಹೆಚ್ಚಾದರೂ ಲಾಭ ಕೈಬಿಡುತ್ತಿತ್ತು; ಕೊಳವೆಯಲ್ಲಿ ಮಸಿ ಕಟ್ಟಿದರೆ ಹೊಗೆ ಮತ್ತೆ ಮನೆಯೊಳಕ್ಕೇ ತಿರುಗುತ್ತಿತ್ತು; ಸೌದೆಯನ್ನು ಸಣ್ಣದಾಗಿ ಸೀಳುವ ಹೆಚ್ಚಿನ ಕೆಲಸ ಅಡುಗೆಯವಳ ಪಾಲಿಗೇ ಬರುತ್ತಿತ್ತು. 1980ರ ದಶಕದಲ್ಲಿ ಸರ್ಕಾರದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವು ಒಲೆಗಳ ಸಂಖ್ಯೆಯನ್ನೇ ಗುರಿಯಾಗಿಸಿಕೊಂಡಾಗ, ಕಟ್ಟಿದ ಒಲೆಯ ಲೆಕ್ಕ ಸಿಕ್ಕಿತೇ ಹೊರತು ಉರಿಯುತ್ತಿರುವ ಒಲೆಯ ಲೆಕ್ಕ ಸಿಗಲಿಲ್ಲ. ಆ ಕಾರ್ಯಕ್ರಮ 2002ರಲ್ಲಿ ನಿಂತಿತು. ಇದನ್ನು ಆವಿಷ್ಕಾರದ ಸೋಲೆಂದು ಬರೆಯುವುದು ವಾಡಿಕೆಯಾದರೂ, ದುರಸ್ತಿಗೆ ಯಾರನ್ನೂ ನೇಮಿಸದ ಆಡಳಿತದ ಸೋಲೆಂದು ಬರೆಯುವುದೇ ಹೆಚ್ಚು ಸರಿ.

ಉಂಗ್ರದ ಸಮೀಪದ ಪುರ ಎಂಬ ಹಳ್ಳಿಯ ಅನುಭವ ಈ ಮಾತಿಗೆ ಆಧಾರ ಒದಗಿಸುತ್ತದೆ. ಸುಮಾರು 500 ಜನರ ಆ ಊರಿನಲ್ಲಿ ಮೊದಲು ಅಡುಗೆಗಾಗಿ ಸಮುದಾಯದ ಗೋಬರ್ ಗ್ಯಾಸ್ ಸ್ಥಾವರ, ಅಂದರೆ ಇಡೀ ಊರಿನ ಸಗಣಿಯನ್ನು ಒಂದೆಡೆ ಕೊಳೆಸಿ ಅನಿಲ ತೆಗೆಯುವ ತೊಟ್ಟಿಗಳನ್ನು ಕಟ್ಟಲಾಯಿತು. ಆದರೆ ಎಲ್ಲ ಮನೆಗಳ ಅಡುಗೆಗೆ ಸಾಲುವಷ್ಟು ಸಗಣಿ ಇರಲಿಲ್ಲ. ಕಾಸಿಲ್ಲದೆ ಸೌದೆ ಸಿಗುತ್ತಿದ್ದುದರಿಂದ ಜನರಿಗೆ ಅದು ದೊಡ್ಡ ಕೊರತೆಯಾಗಿಯೂ ತೋರಲಿಲ್ಲ. ಅವರು ಕೇಳಿದ್ದು ಕುಡಿಯುವ ನೀರನ್ನು. 1987ರಲ್ಲಿ ಅದೇ ಅನಿಲದಿಂದ ಡೀಸೆಲ್ ಎಂಜಿನ್ ಓಡಿಸಿ, ಕೊಳವೆಬಾವಿಯ ನೀರನ್ನು ನಲ್ಲಿಗಳಿಗೂ ವಿದ್ಯುತ್ತನ್ನು ಮನೆಗಳಿಗೂ ಕೊಡುವ ಏರ್ಪಾಡಾಯಿತು. ಸಗಣಿ ತಂದವರಿಗೆ ಕಿಲೋಗೆ 2 ಪೈಸೆ ಕೊಟ್ಟು, ಅನಿಲ ತೆಗೆದ ಬಳಿಕ ಉಳಿದ ಬಗ್ಗಡವನ್ನು ಗೊಬ್ಬರಕ್ಕೆಂದು ಹಿಂದಿರುಗಿಸಲಾಗುತ್ತಿತ್ತು. ಸ್ಥಾವರವನ್ನು ನಡೆಸುವ ಕೆಲಸ ಊರಿನ ಯುವಕರದೇ ಆಯಿತು. ಯಂತ್ರ ಬಹುಮಟ್ಟಿಗೆ ಹಳೆಯದೇ. ಬದಲಾದದ್ದು ಅದರ ಉದ್ದೇಶ ಮತ್ತು ಅದನ್ನು ನೋಡಿಕೊಳ್ಳುವವರು.

ಅಸ್ತ್ರದ ಮೂರನೆಯ ಕೊಡುಗೆಯ ಕಥೆ ಇನ್ನೂ ವಿಚಿತ್ರವಾದದ್ದು. ಇಟ್ಟಿಗೆಗೂಡಿಗೆ ಜೇಡಿಮಣ್ಣೂ ಬೇಕು, ಸುಡಲು ಸೌದೆಯೂ ಬೇಕು. ಕೆ.ಎಸ್. ಜಗದೀಶ್ ಮತ್ತು ಬಿ.ವಿ. ವೆಂಕಟರಾಮ ರೆಡ್ಡಿ ಅವರಂಥ ಸಿವಿಲ್ ಎಂಜಿನಿಯರುಗಳು ಕೆಂಪುಮಣ್ಣಿಗೆ ಸ್ವಲ್ಪವೇ ಸಿಮೆಂಟು ಬೆರೆಸಿ, ಕೈಯಿಂದ ಒತ್ತುವ ಯಂತ್ರದಲ್ಲಿ ಅಚ್ಚು ಹಾಕಿ, ಸುಡದೆ ನೀರುಣಿಸಿ ಗಟ್ಟಿಯಾಗಿಸಿದ ಬ್ಲಾಕನ್ನು ಬೆಳೆಸಿದರು. ಹಳ್ಳಿಯ ಬಡವರ ಮನೆಗೆಂದು ಯೋಚಿಸಿದ್ದ ಈ ಬ್ಲಾಕನ್ನು ಹೆಚ್ಚಿನ ಉತ್ಸಾಹದಿಂದ ಅಪ್ಪಿಕೊಂಡದ್ದು ಬೆಂಗಳೂರಿನ ಮಧ್ಯಮವರ್ಗ. ಹಳ್ಳಿಯಲ್ಲಿ ಮಣ್ಣಿನ ಗೋಡೆ ಬಡತನದ ಗುರುತಾಗಿದ್ದರೆ, ನಗರದಲ್ಲಿ ಅದು ಅಭಿರುಚಿಯ ಗುರುತಾಯಿತು.

ಇದೇ ಅವಧಿಯಲ್ಲಿ, ವಿಜ್ಞಾನ ಸಂಸ್ಥೆಯ ಆವರಣದಲ್ಲೇ ನೆಲೆಯಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು ಎಂಜಿನಿಯರಿಂಗ್ ಅಂತಿಮ ವರ್ಷದ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ಧನಸಹಾಯ ಕೊಡುವ ಕಾರ್ಯಕ್ರಮವನ್ನು 1970ರ ದಶಕದ ಕೊನೆಯಲ್ಲಿ ಆರಂಭಿಸಿತು. ಅದು ನಾಲ್ಕು ದಶಕಗಳಿಗೂ ಮೀರಿ ನಡೆದುಬಂದಿದೆ. ಅದೇ ಮಂಡಳಿಯ ಎ.ಆರ್. ಶಿವಕುಮಾರ್ ಬೆಂಗಳೂರಿನ ತಮ್ಮ ಮನೆಯಲ್ಲೇ ನಡೆಸಿ ತೋರಿಸಿದ ಮಳೆನೀರು ಸಂಗ್ರಹದ ವಿಧಾನ ಹೆಸರಾಗಿದ್ದ ದಿನಗಳಲ್ಲಿ, 2009ರಲ್ಲಿ, ಬೆಂಗಳೂರು ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿಯಾಗಿ ನಿಗದಿತ ಅಳತೆಗೆ ಮೀರಿದ ನಿವೇಶನಗಳಿಗೆ ಮಳೆನೀರು ಸಂಗ್ರಹ ಕಡ್ಡಾಯವಾಯಿತು. ಅಸ್ತ್ರ ಘಟಕವು ಈಗ ಸುಸ್ಥಿರ ತಂತ್ರಜ್ಞಾನಗಳ ಕೇಂದ್ರವೆಂಬ ಹೆಸರಿನಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮುಂದುವರಿಸಿದೆ.