ಪ್ರಶ್ನೆಗೆ ಉತ್ತರ ಕೊಡುತ್ತಿದ್ದ ರೇಡಿಯೋ

ಎಂ.ಎ. ಪ್ರಬಂಧಕ್ಕೆ ನಾನು ಆರಿಸಿಕೊಂಡ ವಿಷಯ ‘ಎರಡನೇ ಪರದೆ’. ಟಿ.ವಿ. ನೋಡುತ್ತಲೇ ಕೈಯಲ್ಲಿರುವ ಮೊಬೈಲಿನಲ್ಲಿ ಓಟು ಹಾಕುವುದು, ಉತ್ತರ ಒತ್ತುವುದು, ಮುಂದಿನ ಬಾಲ್ ಸಿಕ್ಸರೋ ವಿಕೆಟ್ಟೋ ಎಂದು ಊಹಿಸುವುದು. 2017ರಲ್ಲಿ ‘ಕೌನ್ ಬನೇಗಾ ಕರೋಡ್‌ಪತಿ’ ಮನೆಯಲ್ಲಿ ಕೂತವರಿಗೂ ಮೊಬೈಲಿನಲ್ಲಿ ಜೊತೆಜೊತೆಗೇ ಆಡಲು ಅವಕಾಶ ಕೊಟ್ಟ ಮೇಲೆ ಇದು ಮನೆಮಾತಾಯಿತು. ಆದರೆ ನಾನು ಓದುತ್ತಿರುವ ಪುಣೆಯಲ್ಲಿ ಇದರ ಬೇರು 1956ರಷ್ಟು ಹಳೆಯದು, ಅದೂ ರೇಡಿಯೋದಲ್ಲಿ.

ಆ ವರ್ಷ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಪುಣೆ ಆಕಾಶವಾಣಿ, ಯುನೆಸ್ಕೋ ನೆರವಿನಿಂದ, ರೈತರಿಗಾಗಿ ಅರ್ಧರ್ಧ ಗಂಟೆಯ 20 ಕಾರ್ಯಕ್ರಮ ಬಿತ್ತರಿಸಿತು. ಪುಣೆ, ಅಹ್ಮದ್‌ನಗರ, ನಾಶಿಕ್, ಉತ್ತರ ಸಾತಾರಾ, ಕೊಲ್ಹಾಪುರ ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ರೇಡಿಯೋ ಕೂಟಗಳಾದವು. ಒಂದೊಂದರಲ್ಲಿ ಇಪ್ಪತ್ತರಷ್ಟು ಜನ. ಕೆನಡಾದಲ್ಲಿ 1941ರಿಂದ ನಡೆಯುತ್ತಿದ್ದ ರೈತರ ರೇಡಿಯೋ ಕೂಟ ಇದಕ್ಕೆ ಮಾದರಿ. ನಮ್ಮ ಬೆಳಗಾವಿ, ಧಾರವಾಡ, ವಿಜಯಪುರ ಜಿಲ್ಲೆಗಳೂ ಆಗ ಪುಣೆಯಿದ್ದ ಮುಂಬಯಿ ರಾಜ್ಯದಲ್ಲೇ ಇದ್ದವು. ನವೆಂಬರಿನಲ್ಲಿ ಮೈಸೂರು ರಾಜ್ಯ ಸೇರಿದವು.

ಕೂಟ ನಡೆಯುತ್ತಿದ್ದ ರೀತಿ ನೋಡಿ. ಊರಿನ ರೇಡಿಯೋ ಮುಂದೆ ಎಲ್ಲರೂ ಕೂರಬೇಕು. ಕಾರ್ಯಕ್ರಮ ಮುಗಿದ ಮೇಲೆ ಎದ್ದು ಹೋಗುವಂತಿಲ್ಲ, ಕೇಳಿದ್ದನ್ನು ಚರ್ಚಿಸಬೇಕು. ಯಾರು ಏನಂದರು, ಯಾವ ಅನುಮಾನ ಉಳಿಯಿತು ಎಂಬುದನ್ನು ಕೂಟದ ಸಂಚಾಲಕ ಬರೆದು ಪುಣೆಗೆ ಅಂಚೆಯಲ್ಲಿ ಕಳಿಸುತ್ತಿದ್ದ. ಆ ಪ್ರಶ್ನೆಗಳಿಗೆ ಮುಂದಿನ ಕಾರ್ಯಕ್ರಮಗಳಲ್ಲಿ ರೇಡಿಯೋದವರು ಉತ್ತರ ಕೊಡುತ್ತಿದ್ದರು. ತಾನು ಕೇಳಿದ ಮಾತಿಗೆ ರೇಡಿಯೋ ಉತ್ತರಿಸುವುದನ್ನು ಒಬ್ಬ ರೈತ ಊರವರೆಲ್ಲರ ಎದುರಿಗೆ ಕೇಳಿಸಿಕೊಂಡ ಗಳಿಗೆ ಹೇಗಿದ್ದೀತು! ಈ ಪ್ರಬಂಧದಲ್ಲಿ ನನ್ನನ್ನು ಅತಿ ಹೆಚ್ಚು ಹಿಡಿದಿಟ್ಟ ಸಂಗತಿ ಇದೇ.

ಇದರ ಫಲವನ್ನು ಅಳೆದವರು ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು, ಮುಂದಾಳು ಪಾಲ್ ನ್ಯೂರಾತ್. ವಿಯೆನ್ನಾದವರು, ಹಿಟ್ಲರನ ಡಾಹಾವ್ ಮತ್ತು ಬೂಕನ್‌ವಾಲ್ಡ್ ಶಿಬಿರಗಳಿಂದ ಬದುಕಿ ಬಂದವರು. ಅವರು ಕೂಟವಿದ್ದ ಹಳ್ಳಿಗಳನ್ನು, ಬರೀ ರೇಡಿಯೋ ಇದ್ದ ಹಳ್ಳಿಗಳನ್ನು, ರೇಡಿಯೋವೇ ಇಲ್ಲದ ಹಳ್ಳಿಗಳನ್ನು ಹೋಲಿಸಿ ನೋಡಿದರು. ಕೂಟವಿದ್ದಲ್ಲಿ ಜನರ ತಿಳಿವಳಿಕೆ ಎದ್ದು ಕಾಣುವಷ್ಟು ಬೆಳೆದಿತ್ತು, ಉಳಿದೆಡೆ ತೀರಾ ಕಡಿಮೆ. 1959ರಲ್ಲಿ ಯೋಜನೆ ದೇಶಕ್ಕೆಲ್ಲ ಹರಡಿತು.

ಟಿ.ವಿ. ಹಳ್ಳಿಗೆ ಬಂದಾಗ ಈ ಪಾಠ ಅರ್ಧ ಮರೆತಂತಾಗಿತ್ತು. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ಉಪಗ್ರಹದಿಂದ 2,400 ಹಳ್ಳಿಗಳಿಗೆ ಚಿತ್ರ ಬಂತು. ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಕೋಳಿಗೂಡಿನ ತಂತಿ ಬಲೆ ಹೊದಿಸಿದ ಮೂರು ಮೀಟರಿನ ಆಂಟೆನಾ ಚಿತ್ರವನ್ನು ಹಿಡಿಯುತ್ತಿತ್ತೇ ಹೊರತು ಊರಿನ ಮಾತನ್ನು ಹಿಂದಕ್ಕೆ ಕಳಿಸುವ ದಾರಿ ಅದಕ್ಕಿರಲಿಲ್ಲ. ವಿಜಯಪುರ ಕಡೆಯ ನಮ್ಮ ಅಜ್ಜ ಅದನ್ನು ನೋಡಿದವರು. “ಅದು ಮಾತಾಡತಿತ್ತು, ನಾವು ಕೇಳತಿದ್ವಿ. ನಾವು ಏನರೆ ಕೇಳಬೇಕಂದ್ರ ಯಾರಿಗೆ ಕೇಳೂದು?” ಎನ್ನುತ್ತಿದ್ದರು.

ಆಮೇಲೆ ಕಾಗದಗಳ ಕಾಲ. ದೂರದರ್ಶನದ ‘ಸುರಭಿ’ ಕಾರ್ಯಕ್ರಮ ಕೇಳಿದ ಪ್ರಶ್ನೆಗೆ ನೋಡುಗರ ಉತ್ತರದ ಕಾರ್ಡು ಮೂಟೆಗಟ್ಟಲೆ ಬರತೊಡಗಿ, ಕೊನೆಗೆ ಅಂಚೆ ಇಲಾಖೆ ದುಬಾರಿ ‘ಸ್ಪರ್ಧಾ ಪೋಸ್ಟ್‌ಕಾರ್ಡ್’ ಹೊರತರಬೇಕಾಯಿತು.

2012ರಲ್ಲಿ ನೋಡುಗರ ಮಾತು ಕೇಳಿಸಿಕೊಳ್ಳುವ ಕೆಲಸ ಮತ್ತೆ ಪುಣೆಗೇ ಬಂತು. ಆಮೀರ್ ಖಾನರ ‘ಸತ್ಯಮೇವ ಜಯತೇ’ ನೋಡಿ ಜನ ಫೋನು, ಎಸ್ಸೆಮ್ಮೆಸ್ಸು, ಫೇಸ್‌ಬುಕ್ಕಿನಲ್ಲಿ ಬರೆದದ್ದನ್ನು ವಿಂಗಡಿಸಿದ್ದು ಇಲ್ಲಿನ ಸಾಫ್ಟ್‌ವೇರ್ ಕಂಪನಿ ಪರ್ಸಿಸ್ಟೆಂಟ್ ಸಿಸ್ಟಮ್ಸ್. ತಮಿಳು, ತೆಲುಗು, ಮಲಯಾಳಕ್ಕೆ ಡಬ್ ಆದ ಆ ಕಾರ್ಯಕ್ರಮ ಡಬ್ಬಿಂಗ್ ವಿರೋಧದಿಂದಾಗಿ ಕನ್ನಡದ ಚಾನೆಲಿಗೆ ಬರಲಿಲ್ಲ. ನಮ್ಮ ಜನ ತಮ್ಮ ಭಾಷೆಯಲ್ಲಿ ನೋಡಿ, ತಮ್ಮ ಭಾಷೆಯಲ್ಲೇ ಪ್ರತಿಕ್ರಿಯಿಸುವ ಅವಕಾಶ ಹೀಗೆ ತಪ್ಪಿದ್ದು ನನಗೆ ಇಂದಿಗೂ ನೋವು.

ಇಂದಿನ ಆಪ್‌ಗಳು ನಮ್ಮ ಒತ್ತುಗಳನ್ನು ಎಣಿಸುತ್ತವೆ, ಪಾಯಿಂಟು ಕೊಡುತ್ತವೆ. ಆದರೆ ನೋಡುವವರ ಪ್ರಶ್ನೆಗೆ ಉತ್ತರಿಸುವುದರಲ್ಲಿ 1956ರ ಆ ಹತ್ತು ವಾರಗಳ ಪ್ರಯೋಗವೇ ಇವುಗಳಿಗಿಂತ ಮುಂದಿತ್ತು ಎಂದು ನನ್ನ ವರದಿಯಲ್ಲಿ ಬರೆದಿದ್ದೇನೆ. ಆ ಕೂಟಗಳಲ್ಲಿ ಕೂತವರು ಯಾರಾದರೂ ಉಳಿದಿದ್ದರೆ ತೊಂಬತ್ತರ ಆಸುಪಾಸಿನಲ್ಲಿರುತ್ತಾರೆ. ಕೊಲ್ಹಾಪುರ ಗಡಿಭಾಗದ ಕನ್ನಡದ ಮನೆಗಳಲ್ಲಿ ಅಂಥ ಹಿರಿಯರಿದ್ದರೆ ಅವರನ್ನು ಕೂರಿಸಿಕೊಂಡು ಕೇಳಿ. ಹಳೆಯ ಕೂಟದ ದಫ್ತರು ಸಿಕ್ಕರೆ ದಯವಿಟ್ಟು ರದ್ದಿಗೆ ಹಾಕಬೇಡಿ.