ಸೋತ ಚಿತ್ರ, ಗೆದ್ದ ಗುಂಪು

ಸಿನಿಮಾ ಸೋತರೆ ಜನ ನಿರ್ದೇಶಕನನ್ನು ಬೈತಾರೆ. ಕತೆ ಸರಿಯಿಲ್ಲ ಅಂತಾರೆ, ನಟನ ಮುಖ ಸರಿಯಿಲ್ಲ ಅಂತಾರೆ. ನೋಡಿದ ನಾವು ಎಂಥವರು ಅಂತ ಕೇಳಿಕೊಳ್ಳುವವರು ಕಡಿಮೆ. 1955ರಲ್ಲಿ ಅಮೆರಿಕದಲ್ಲಿ ಮಕಾಡೆ ಮಲಗಿದ ಒಂದು ಕೊಲೆಗಾರನ ಸಿನಿಮಾ ಈ ಪ್ರಶ್ನೆಯನ್ನು ನೋಡುವವರ ಮುಂದೆಯೇ ಇಟ್ಟಿತ್ತು. ಹೆಸರು 'ದಿ ನೈಟ್ ಆಫ್ ದಿ ಹಂಟರ್'. ನಿರ್ದೇಶಿಸಿದವನು ಚಾರ್ಲ್ಸ್ ಲಾಟನ್, ಇಂಗ್ಲೆಂಡಿನಿಂದ ಹೋದ ಹೆಸರುವಾಸಿ ನಟ. ಅವನು ನಿರ್ದೇಶಿಸಿದ ಮೊದಲ ಸಿನಿಮಾ ಇದು. ಕೊನೆಯದೂ ಇದೇ.

ಕತೆಯ ಬೇರು ನಿಜ ಘಟನೆಯಲ್ಲಿದೆ. 1931ರಲ್ಲಿ ವೆಸ್ಟ್ ವರ್ಜೀನಿಯಾದಲ್ಲಿ ಹ್ಯಾರಿ ಪವರ್ಸ್ ಎಂಬುವನು ಸಿಕ್ಕಿಬಿದ್ದ. ಒಂಟಿ ಹೆಂಗಸರಿಗೆ ಕಾಗದ ಬರೆದು, ಮದುವೆಯ ಆಸೆ ತೋರಿಸಿ, ಕರೆಸಿಕೊಂಡು, ದುಡ್ಡಿಗಾಗಿ ಕೊಲ್ಲುವುದು ಅವನ ಕಸುಬು. ಇಬ್ಬರು ಹೆಂಗಸರು, ಮೂವರು ಮಕ್ಕಳ ಹೆಣಗಳು ಸಿಕ್ಕವು. ಅವನ ವಿಚಾರಣೆ ನಡೆದದ್ದು ಎಲ್ಲಿ ಗೊತ್ತೆ? ಕ್ಲಾರ್ಕ್ಸ್‌ಬರ್ಗ್ ಊರಿನ ನಾಟಕಶಾಲೆಯಲ್ಲಿ. ನ್ಯಾಯಾಧೀಶ, ಆರೋಪಿ ಎಲ್ಲರೂ ರಂಗದ ಮೇಲೆ. ಕೆಳಗೆ ಕಿಕ್ಕಿರಿದ ಜನ. 1932ರ ಮಾರ್ಚಿಯಲ್ಲಿ ಅವನನ್ನು ಮೌಂಡ್ಸ್‌ವಿಲ್ ಜೈಲಿನಲ್ಲಿ ಗಲ್ಲಿಗೇರಿಸಿದರು. ಆ ಊರಲ್ಲೇ ಹುಟ್ಟಿದ ಡೇವಿಸ್ ಗ್ರಬ್ 1953ರಲ್ಲಿ ಇದನ್ನು ಕಾದಂಬರಿ ಮಾಡಿದ. ಲಾಟನ್ ಆ ಕಾದಂಬರಿಯನ್ನು ಸಿನಿಮಾ ಮಾಡಿದ.

ಸಿನಿಮಾದಲ್ಲಿ ಕೊಲೆಗಾರ ಪಾದ್ರಿಯ ವೇಷ ತೊಟ್ಟಿದ್ದಾನೆ. ಒಂದು ಕೈಯ ಬೆರಳ ಮೇಲೆ ಪ್ರೀತಿ, ಇನ್ನೊಂದು ಕೈಯ ಬೆರಳ ಮೇಲೆ ದ್ವೇಷ ಎಂದು ಹಚ್ಚೆ. ಬಾಯಿ ಬಿಟ್ಟರೆ ದೇವರು. ಆ ಕಾಲ ಮಹಾ ಆರ್ಥಿಕ ಕುಸಿತದ ಕಾಲ. ಮಕ್ಕಳು ಹಸಿದು ಬೀದಿ ಅಲೆಯಬಾರದು ಅಂತ ಒಬ್ಬ ಬಡ ತಂದೆ ಬ್ಯಾಂಕ್ ದೋಚಿ, ಇಬ್ಬರನ್ನು ಕೊಂದು, 10,000 ಡಾಲರ್ ಹಣವನ್ನು ಮಗಳ ಬೊಂಬೆಯೊಳಗೆ ಬಚ್ಚಿಟ್ಟು ಗಲ್ಲಿಗೇರುತ್ತಾನೆ. ಆ ಹಣದ ವಾಸನೆ ಹಿಡಿದು ಪಾದ್ರಿ ಬರ್ತಾನೆ. ವಿಧವೆಯನ್ನು ಮದುವೆಯಾಗಿ ಕೊಲ್ತಾನೆ. ಮಕ್ಕಳಿಬ್ಬರೂ ದೋಣಿ ಹತ್ತಿ ನದಿಯಲ್ಲಿ ತಪ್ಪಿಸಿಕೊಳ್ತಾರೆ.

ಇಲ್ಲಿ ಗಮನಿಸಬೇಕಾದವರು ಊರಿನ ಮರ್ಯಾದಸ್ಥರು. ಐಸ್‌ಕ್ರೀಂ ಅಂಗಡಿಯ ಹೆಂಗಸು ಪಾದ್ರಿಯ ಮಾತಿಗೆ ಮರುಳಾಗಿ, 'ಇವನನ್ನೇ ಮದುವೆಯಾಗು' ಅಂತ ಆ ವಿಧವೆಯನ್ನು ದಿನಾ ಪೀಡಿಸಿದವಳು. ಕೊನೆಯಲ್ಲಿ ಪಾದ್ರಿ ಸಿಕ್ಕಿಬಿದ್ದಾಗ, ಪಂಜು ಹಿಡಿದು, ಕೊಡಲಿ ಎತ್ತಿಕೊಂಡು ಅವನನ್ನು ಕೊಲ್ಲಲು ಹೊರಟ ಗುಂಪಿನ ಮುಂದೆ ಇರುವವಳೂ ಅವಳೇ! ನಿನ್ನೆ ಕೈಮುಗಿದ ಬಾಯೇ ಇವತ್ತು ಕೊಲ್ಲು ಅಂತ ಕಿರುಚುತ್ತದೆ. ಇತ್ತ ಆ ಹುಡುಗ, ಪೊಲೀಸರು ಪಾದ್ರಿಯನ್ನು ನೆಲಕ್ಕೆ ಕೆಡವಿದ್ದು ಕಂಡು, ತನ್ನಪ್ಪನನ್ನು ಕೆಡವಿದ್ದು ನೆನಪಾಗಿ ಬಿಕ್ಕಿ ಅಳುತ್ತಾನೆ. ಕೋರ್ಟಿನಲ್ಲಿ ಸಾಕ್ಷಿ ಹೇಳಲು ಅವನಿಗೆ ಬಾಯಿ ಬರುವುದಿಲ್ಲ. ಆ ಗುಂಪಿಗಿಲ್ಲದ ಮನುಷ್ಯತ್ವ ಅವನಲ್ಲಿ ಉಳಿದಿದೆ.

ಸಿನಿಮಾ ಓಡಲಿಲ್ಲ. ಕಾರಣಗಳಿವೆ. ಬಣ್ಣದ ಅಗಲ ಪರದೆಯ ಕಾಲಕ್ಕೆ ಇದು ಕಪ್ಪುಬಿಳುಪು. ನೆರಳು ಬೆಳಕಿನ ರೀತಿ ಮೂಕಿ ಚಿತ್ರಗಳದ್ದು. ಹಂಚಿದ ಕಂಪನಿ ಪ್ರಚಾರಕ್ಕೆ ಮನಸ್ಸು ಮಾಡಲಿಲ್ಲ. ಲಾಟನ್‌ಗೆ ಕೈಯಲ್ಲಿದ್ದ ಮುಂದಿನ ಚಿತ್ರವೂ ತಪ್ಪಿತು. 1962ರಲ್ಲಿ ತೀರಿಕೊಂಡ.

ಆದರೆ ಇದರ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಟ್ಟು ನೋಡಬೇಕು. ಲಾಟನ್ ಈ ಚಿತ್ರಕ್ಕೆ ಮುಂಚೆ ಡಿ. ಡಬ್ಲ್ಯೂ. ಗ್ರಿಫಿತ್‌ನ ಹಳೆಯ ಮೂಕಿ ಚಿತ್ರಗಳನ್ನು ಹುಡುಕಿ ನೋಡಿದ್ದ. ಮಕ್ಕಳಿಗೆ ಆಶ್ರಯ ಕೊಟ್ಟು, ಬಂದೂಕು ಹಿಡಿದು ಪಾದ್ರಿಗೆ ಎದುರು ನಿಲ್ಲುವ ಮುದುಕಿಯ ಪಾತ್ರಕ್ಕೆ ಗ್ರಿಫಿತ್‌ನ ನಾಯಕಿ ಲಿಲಿಯನ್ ಗಿಶ್‌ಳನ್ನೇ ಕರೆತಂದ. ಇದೇ ಗಿಶ್ 1915ರಲ್ಲಿ ಗ್ರಿಫಿತ್‌ನ 'ದಿ ಬರ್ತ್ ಆಫ್ ಎ ನೇಷನ್'ನಲ್ಲಿ ನಟಿಸಿದ್ದಳು. ಅದರಲ್ಲೂ ಗುಂಪು ಇದೆ. ಬಿಳಿ ಮುಸುಕಿನ ಕೂ ಕ್ಲಕ್ಸ್ ಕ್ಲಾನ್ ಗುಂಪು ಒಬ್ಬ ಕಪ್ಪು ಮನುಷ್ಯನನ್ನು ಹಿಡಿದು ಕೊಲ್ಲುತ್ತದೆ. ಅಲ್ಲಿ ಆ ಗುಂಪೇ ನಾಯಕ. ಜನ ಮುಗಿಬಿದ್ದು ನೋಡಿದರು. ಶ್ವೇತಭವನದಲ್ಲೂ ತೋರಿಸಿದರು. ಅದೇ ವರ್ಷ ಜಾರ್ಜಿಯಾದಲ್ಲಿ ಸತ್ತಿದ್ದ ಕ್ಲಾನ್ ಮತ್ತೆ ಎದ್ದಿತು. ಕಪ್ಪು ಜನ ಸುಮ್ಮನಿರಲಿಲ್ಲ. ಬಾಸ್ಟನ್ನಿನಲ್ಲಿ ಪತ್ರಕರ್ತ ವಿಲಿಯಂ ಮನ್ರೋ ಟ್ರಾಟರ್ ಚಿತ್ರಮಂದಿರದ ಮುಂದೆ ಪ್ರತಿಭಟಿಸಿ ಬಂಧನಕ್ಕೊಳಗಾದ.

ಗುಂಪನ್ನು ಮೆರೆಸಿದ ಚಿತ್ರ ಗೆದ್ದಿತು. 40 ವರ್ಷದ ಮೇಲೆ ಗುಂಪಿನ ನಿಜವಾದ ಮುಖ ತೋರಿಸಿದ ಚಿತ್ರ ಸೋತಿತು.

ಲಾಟನ್‌ನ ಚಿತ್ರದಲ್ಲೂ ಒಂದು ಕೊರತೆ ಇದೆ. ಅಲ್ಲಿ ಗುಂಪು ಅಟ್ಟಿಸಿಕೊಂಡು ಹೋಗುವುದು ತಪ್ಪು ಮಾಡಿದ ಬಿಳಿಯನನ್ನು. ಪೊಲೀಸರು ಅವನನ್ನು ಹಿಂದಿನ ಬಾಗಿಲಿಂದ ಪಾರುಮಾಡ್ತಾರೆ. ಹೊರಗಿನ ಕತೆ ಬೇರೆಯಿತ್ತು. ಅದೇ 1955ರ ಆಗಸ್ಟ್ 28ರಂದು ಮಿಸಿಸಿಪಿಯಲ್ಲಿ 14 ವರ್ಷದ ಕಪ್ಪು ಹುಡುಗ ಎಮೆಟ್ ಟಿಲ್‌ನನ್ನು ಬಿಳಿಯರು ಎತ್ತಿಕೊಂಡು ಹೋಗಿ ಕೊಂದು ನದಿಗೆ ಎಸೆದರು. ತಾಯಿ ಮೇಮಿ ಟಿಲ್ ಶವಪೆಟ್ಟಿಗೆ ಮುಚ್ಚಲು ಬಿಡಲಿಲ್ಲ. ಮಗನಿಗೆ ಏನು ಮಾಡಿದ್ದಾರೆಂದು ಲೋಕ ನೋಡಲಿ ಅಂದಳು. ಶಿಕಾಗೋದಲ್ಲಿ ಸಾವಿರಾರು ಜನ ಸಾಲುಗಟ್ಟಿ ನೋಡಿದರು. ಸೆಪ್ಟೆಂಬರ್ 23ರಂದು ಬಿಳಿಯರೇ ತುಂಬಿದ ಜ್ಯೂರಿ ಒಂದು ಗಂಟೆ ಚಿಲ್ಲರೆ ಕೂತು ಆರೋಪಿಗಳನ್ನು ಬಿಟ್ಟುಬಿಟ್ಟಿತು. ಆ ತಿಂಗಳು ಮುಗಿಯುವ ಹೊತ್ತಿಗೆ ಲಾಟನ್‌ನ ಚಿತ್ರ ನ್ಯೂಯಾರ್ಕಿಗೆ ಬಂತು. ಮುಂದಿನ ಜನವರಿಯಲ್ಲಿ ಆ ಕೊಲೆಗಾರರು ಪತ್ರಿಕೆಯೊಂದರಲ್ಲಿ ತಾವೇ ಕೊಂದದ್ದೆಂದು ರಾಜಾರೋಷವಾಗಿ ಹೇಳಿಕೊಂಡರು.

ಆ ಕೊರತೆಯನ್ನು ತುಂಬಿದವನು ಒಬ್ಬ ಕಪ್ಪು ನಿರ್ದೇಶಕ. 1989ರಲ್ಲಿ ಸ್ಪೈಕ್ ಲೀ ತನ್ನ 'ಡು ದಿ ರೈಟ್ ಥಿಂಗ್' ಚಿತ್ರದಲ್ಲಿ ಆ ಪ್ರೀತಿ, ದ್ವೇಷದ ಅಕ್ಷರಗಳನ್ನು ಪಾದ್ರಿಯ ಬೆರಳಿಂದ ತೆಗೆದು ರೇಡಿಯೋ ರಹೀಂ ಎಂಬ ಕಪ್ಪು ಯುವಕನ ಉಂಗುರಗಳಿಗೆ ಹಾಕಿದ. ಆ ರಹೀಂನನ್ನು ಬ್ರೂಕ್ಲಿನ್ ಬೀದಿಯಲ್ಲಿ, ನೆರೆಹೊರೆಯವರೆಲ್ಲ ನೋಡುತ್ತಿದ್ದಂತೆ, ಪೊಲೀಸರು ಕತ್ತು ಅಮುಕಿ ಕೊಲ್ತಾರೆ. ಸೋತ ಚಿತ್ರಕ್ಕೆ ಸಿಕ್ಕ ಅತ್ಯಂತ ಪ್ರಾಮಾಣಿಕ ಪ್ರೇಕ್ಷಕ ಇವನೇ ಅನ್ನಬಹುದು.

1992ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಲಾಟನ್‌ನ ಚಿತ್ರ ಸೇರಿತು. ಅದೇ ವರ್ಷದ ಪಟ್ಟಿಯಲ್ಲಿ 'ದಿ ಬರ್ತ್ ಆಫ್ ಎ ನೇಷನ್' ಕೂಡ ಇದೆ. ಸರ್ಕಾರದ ಉಗ್ರಾಣದಲ್ಲಿ ಎರಡಕ್ಕೂ ಜಾಗ ಸಿಕ್ಕಿತು. ಒಂದರಲ್ಲಿ ಗುಂಪಿನ ಕೊರಳಿಗೆ ಹಾರ, ಇನ್ನೊಂದರಲ್ಲಿ ಗುಂಪಿನ ಕೈಯಲ್ಲಿ ಕೊಡಲಿ. ಎರಡನ್ನೂ ಒಟ್ಟಿಗೆ ಕೂತು ನೋಡಬೇಕು, ಯಾವುದಕ್ಕೆ ನಮ್ಮ ಕೈ ಚಪ್ಪಾಳೆಗೆ ಏಳುತ್ತದೆ ಎನ್ನುವುದನ್ನೂ.